ಟ್ಯಾಂಕಿನಲ್ಲಿದ್ದ ತೌರಿನ ನೀರು

"ಹಿಂದೆ ಸಿಕ್ಕಿಸಿರೋ ಟ್ರೇಲರಿನ ಕತ್ತು ನಿಮ್ಮ ಟ್ರಕ್ಕಿನ ಮೇಲೆ ಹೇರ್ತಿರೋ ಭಾರ ಮುನ್ನೂರು ಪೌಂಡ್ ಜಾಸ್ತಿ, ಮೇಡಂ," ಎಂದಳು ಧಾನ್ಯದ ಗೋದಾಮಿನಲ್ಲಿ ಗಾಡಿಗಳ ತೂಕ ನೋಡುವ ಹುಡುಗಿ. "ಹೀಗೇ ಬೆಟ್ಟ ಹತ್ತಬೇಡಿ. ಮುಂದಿನ ಭಾಗದಿಂದ ಏನಾದ್ರೂ ಇಳಿಸಿ."

ಆರ್ಲಿಸ್ ಗಂಡನ ಕಡೆ ನೋಡಿದಳು. ನಾರ್ವಲ್ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಜೀವಮಾನವೆಲ್ಲ ನೆಬ್ರಾಸ್ಕಾದ ಕುದುರೆಗಳಿಗೆ ಲಾಳ ಬಡಿದವನು ಅವನು. ತನ್ನ ಕುಲುಮೆಯ ಕಬ್ಬಿಣ ಬಡಿಯುವ ಅಡಿಗಲ್ಲನ್ನೂ ಸುತ್ತಿಗೆಗಳನ್ನೂ ಪುಟ್ಟ ಮನೆಯಂತಿದ್ದ ಟ್ರೇಲರಿನ ಮುಂಭಾಗದ ಮಂಚದಡಿ ಬಚ್ಚಿಟ್ಟಿದ್ದ.

"ತಪ್ಪು ನಂದೇ ಕಣೇ," ಎಂದ. "ಮಂಚದ ಕೆಳಗೆ..."

"ಗೊತ್ತು. ನನ್ನ ಕಂಬಳೀಲೇ ಸುತ್ತಿದೀಯ, ಕಳ್ಳ! ಅದು ಇರ್ಲಿ ಬಿಡು."

ಅವಳು ಟ್ರೇಲರಿನ ಪಕ್ಕ ಮಂಡಿಯೂರಿ ಅದರ ಮುಂಭಾಗದಲ್ಲಿದ್ದ ನೀರಿನ ಟ್ಯಾಂಕಿನ ನಲ್ಲಿ ತಿರುಗಿಸಿದಳು. ಬೆಳಿಗ್ಗೆ ಅವನಿಗೆ ಹೇಳದೆ ತೌರಿನ ಬಾವಿಯಿಂದ ಅದನ್ನು ತುಂಬಿಸಿಕೊಂಡಿದ್ದಳು. ಆ ಮನೆ ಮಾರಿಯಾಗಿತ್ತು. ಊರು ಬಿಟ್ಟು ಹೊರಟ ಈ ದಾರಿಯ ಕೊನೆಗೆ ಸಮುದ್ರ ಕಾಣುವವರೆಗೂ ಅದೇ ನೀರಿನಲ್ಲಿ ಕಾಫಿ ಕಾಸಬೇಕೆಂಬ ಆಸೆ ಅವಳಿಗೆ.

ನೀರು ಸದ್ದಿಲ್ಲದೆ ಹರಿಯಿತು. ಜೋಳದ ಹೊಟ್ಟನ್ನು ತೇಲಿಸಿಕೊಂಡು ಮಣ್ಣಿನ ಮೇಲೆ ಹರಡಿತು. ಅದರೊಳಗೆ ಒಂದು ತುಂಡು ಆಕಾಶ ಮಲಗಿತು. ಎಲ್ಲಿಂದಲೋ ಗುಬ್ಬಿಗಳು ಇಳಿದು ಆ ಆಕಾಶದಲ್ಲಿ ಮಿಂದವು. ಟ್ರಕ್ಕಿನ ಹಿಂಭಾಗ ನಿದ್ದೆಯಲ್ಲಿ ಉಸಿರೆಳೆದುಕೊಂಡಂತೆ ಮೆಲ್ಲಗೆ ಮೇಲೆದ್ದಿತು. ಅಮ್ಮ ಅಂಗಳ ತೊಳೆಯುತ್ತಿದ್ದ ವಾಸನೆ ಬಂದಂತಾಗಿ ಆರ್ಲಿಸ್ ಕಣ್ಣು ಮುಚ್ಚಿದಳು.

ತೆರೆದಾಗ ನಾರ್ವಲ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನಲ್ಲಿಗೆ ಬೊಗಸೆಯೊಡ್ಡಿದ್ದ. ಸುಟ್ಟ ಕಲೆಗಳ ಆ ಬೆರಳುಗಳ ಸಂದಿಯಿಂದ ನೀರು ಸೋರುತ್ತಿತ್ತು.

"ಬೇಗ ಕುಡಿಯೇ," ಎಂದ. "ನಿಮ್ಮ ಬಾವೀದು ಅಂತ ನಂಗೂ ಗೊತ್ತು. ಹಿಡಿಯೋಕಾಗ್ತಿಲ್ಲ."

ಅವಳು ಬಗ್ಗಿ ಅವನ ಅಂಗೈಗೆ ತುಟಿಯಿಟ್ಟಳು.