ಹಿಡಿದ ಕೈ

"ನಮ್ಮೋರಿಗೆ ಚೆಂಡು ಎಸೆಯೋಕೇ ಬರಲ್ಲ" ಎಂದು ಗೊಣಗುತ್ತಿದ್ದ ಹಾರ್ಲನ್, ಅದೇ ಉಸಿರಿನಲ್ಲಿ ಪಕ್ಕದ ಸೀಟಿನ ವಿಲ್ಮಾಳ ಕೈ ಹಿಡಿದು, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿಬಿಟ್ಟ.

ಚಳಿಗಾಲವಿಡೀ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ ಮಾತು. ಇನ್ನೂ ಒಳ್ಳೆಯ ಹೊತ್ತು ನೋಡಿ ಕೇಳಬಹುದಿತ್ತು. ಆದರೆ ಬೇಸ್‌ಬಾಲಿನ ವಿಷಯಕ್ಕೆ ಜಗಳ ಬಂದರೆ ವಿಲ್ಮಾಳ ಮುಖ ಕೆಂಪೇರಿ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಅವನಿಗೆ ತಡೆಯಲಾಗಲಿಲ್ಲ. ಏಪ್ರಿಲ್ ಶುರುವಾದಾಗಿನಿಂದ ಇಬ್ಬರದೂ ಇದೇ ಜಗಳ. ಊರಿನ ಹೆರನ್ಸ್ ತಂಡ ಸೋಲುತ್ತಲೇ ಇತ್ತು. ತಪ್ಪೆಲ್ಲ ಚೆಂಡು ಎಸೆಯುವ ಪಿಚರುಗಳದು ಎಂದು ಹಾರ್ಲನ್, ಬ್ಯಾಟ್ ಹಿಡಿದವರದು ಎಂದು ವಿಲ್ಮಾ. ಇವತ್ತಿನ ಪಿಚರ್ ಟ್ರೆಂಟ್ ಬಗ್ಗೆಯಂತೂ, "ಅವನು ಬಾಗಿಲಿಗೆ ಎಸೆದ್ರೆ ಕಿಟಕಿ ಗಾಜು ಒಡೆಯುತ್ತೆ" ಎಂದು ಹಾರ್ಲನ್ ಆಗಷ್ಟೇ ಹೇಳಿ ಮುಗಿಸಿದ್ದ. "ಒಡೀಲಿ ಬಿಡು. ನಿನ್ನ ಮೆಚ್ಚಿನ ಕೊಹೌಟ್ ಬ್ಯಾಟ್ ಬೀಸಿದ್ರೆ ಗಾಳಿ ಬರುತ್ತೆ ಅಷ್ಟೆ, ರನ್ ಬರಲ್ಲ" ಎಂದು ವಿಲ್ಮಾ ತಿರುಗೇಟು ಕೊಟ್ಟಿದ್ದಳು.

ಈಗ ಉತ್ತರ ಹೇಳಲು ಬಾಯಿ ತೆರೆದವಳ ಕಣ್ಣು ಸ್ಕೋರ್‌ಬೋರ್ಡಿನ ಮೇಲೆ ಹೋಯಿತು. ತೆರೆದ ಬಾಯಿ ಹಾಗೇ ಮುಚ್ಚಿತು. ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಐದು ಮುಗಿದಿದ್ದರೂ, ಚೆಂಡು ಬಾರಿಸಿ ಓಡಿ ಬೇಸ್ ಮುಟ್ಟುವಂಥ ಒಂದೇ ಒಂದು ಹಿಟ್ ಕೂಡ ಟ್ರೆಂಟ್ ಎದುರಾಳಿಗಳಿಗೆ ಕೊಟ್ಟಿರಲಿಲ್ಲ. ಒಬ್ಬ ಪಿಚರ್ ಇಡೀ ಆಟ ಹೀಗೇ ಮುಗಿಸುವುದು ಎಷ್ಟೋ ವರ್ಷಕ್ಕೊಮ್ಮೆ. ಅಂಥದ್ದು ನಡೆಯುತ್ತಿರುವಾಗ ಅದರ ಹೆಸರೆತ್ತಬಾರದು, ಸೀಟು ಬಿಡಬಾರದು, ಹೇಗೆ ಕೂತಿದ್ದೆವೋ ಹಾಗೇ ಇರಬೇಕು. ಅಲುಗಾಡಿದರೆ ಕೆಟ್ಟಿತು. ಇದು ಊರಿನ ಪಾದ್ರಿಗೂ ಗೊತ್ತು, ಅವರೂ ಪಾಲಿಸುತ್ತಾರೆ.

"ಮಾತಾಡಬೇಡ. ಕೈ ತೆಗೀಬೇಡ" ಎಂದಳು ವಿಲ್ಮಾ, ತುಟಿ ಅಲ್ಲಾಡಿಸದೆ.

"ಮತ್ತೆ ಉತ್ತರ?"

"ಅದು ಮುಗಿದ ಮೇಲೆ."

"ಯಾವುದು?"

ವಿಲ್ಮಾ ದುರುಗುಟ್ಟಿಕೊಂಡು ನೋಡಿದಳು. ಹಾರ್ಲನ್ ಸ್ಕೋರ್‌ಬೋರ್ಡ್ ನೋಡಿದ. ಆಮೇಲೆ ಅವನೂ ಕೇಳಲಿಲ್ಲ.

ಆರನೆಯದು ಮುಗಿಯಿತು, ಏಳನೆಯದೂ ಮುಗಿಯಿತು. ಹಾರ್ಲನ್‌ನ ಬಲಗೈ ವಿಲ್ಮಾಳ ಕೈ ಮೇಲೆ, ಎಡಗೈಯಲ್ಲಿ ಅರ್ಧ ತಿಂದ ಹಾಟ್‌ಡಾಗ್. ಎರಡನ್ನೂ ಕದಲಿಸುವಂತಿಲ್ಲ. ಹಿಂದಿನ ಸಾಲಿನ ಡ್ವೇನ್ ಬಗ್ಗಿ, "ಏನಯ್ಯಾ ಹಾರ್ಲನ್, ಪಿಚಿಂಗ್ ಬಗ್ಗೆ ಇವತ್ತು ಬಾಯೇ ಬಿಡ್ತಿಲ್ಲ?" ಎಂದವನು ಕೈಗಳನ್ನು ಕಂಡು, "ಅಯ್ಯೋ, ಇದ್ಯಾವಾಗಿಂದ?" ಎಂದ.

"ಐದನೇ ಇನಿಂಗ್ಸಿಂದ. ಬಾಯಿ ಮುಚ್ಕೊಂಡು ಕೂತ್ಕೋ" ಎಂದಳು ವಿಲ್ಮಾ. ಡ್ವೇನ್‌ಗೆ ಅರ್ಥವಾಯಿತು. ಎತ್ತಿದ್ದ ಟೋಪಿಯನ್ನು ಮೊದಲಿದ್ದಷ್ಟೇ ಓರೆಯಾಗಿ ತಲೆಯ ಮೇಲಿಟ್ಟುಕೊಂಡ.

ಆ ಮೈದಾನದಲ್ಲಿ ಒಂದು ಹಿಟ್ ಬಿದ್ದರೆ ಲಾಭವಾಗುವ ಹೆರನ್ಸ್ ಅಭಿಮಾನಿ ಹಾರ್ಲನ್ ಒಬ್ಬನೇ. ಬಿದ್ದರೆ ಉತ್ತರ ಸಿಗುತ್ತದೆ. ಹಾಗೆ ಅನ್ನಿಸಿದ್ದೇ ಅವನಿಗೆ ನಾಚಿಕೆಯಾಯಿತು. ಮರುಕ್ಷಣವೇ ಹೆದರಿಕೆಯೂ ಆಯಿತು. ಅವಳು ಬೇಡ ಅಂದರೆ? ಮೊದಲು ಇಲ್ಲಿ ಎರಡು ಜೋಡಿ ಅಕ್ಕಪಕ್ಕ ಕೂರುತ್ತಿದ್ದವು. ಅವನ ಹೆಂಡತಿ ತೀರಿಕೊಂಡಳು, ಆಮೇಲೆ ವಿಲ್ಮಾಳ ಗಂಡನೂ ಹೋದ. ಉಳಿದಿದ್ದು ಈ ಎರಡು ಸೀಟು, ಈ ಜಗಳ. ಬೇಡ ಅಂದವಳ ಪಕ್ಕ ನಾಳೆ ಬಂದು ಹೇಗೆ ಕೂರುವುದು? ಯಾಕಾದರೂ ಕೇಳಿದೆನೋ ಎಂದು ತನ್ನನ್ನೇ ಬೈದುಕೊಂಡ.

ಎಂಟನೆಯದರಲ್ಲಿ ಮೂರು ಬೇಸುಗಳಲ್ಲೂ ಹೆರನ್ಸ್ ಆಟಗಾರರೇ ನಿಂತಿದ್ದಾಗ ಕೊಹೌಟ್ ಬ್ಯಾಟ್ ಹಿಡಿದು ಬಂದ. ಕಂಡ ಚೆಂಡಿಗೆಲ್ಲ ಬೀಸುವವನು ಇವತ್ತು ಒಂದಕ್ಕೂ ಬೀಸಲಿಲ್ಲ. ನಾಲ್ಕು ಕೆಟ್ಟ ಚೆಂಡು ಬಿಟ್ಟು ನಿಂತದ್ದಕ್ಕೆ ಆಟದ ನಿಯಮದಂತೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಪುಕ್ಕಟೆ ಒಂದು ರನ್ ಬಂತು. ಆ ಆಟದ ಮೊದಲ ರನ್.

"ನೋಡು, ಕಾದ. ಕಾದ್ರೆ ಬರುತ್ತೆ" ಎಂದಳು ವಿಲ್ಮಾ.

"ನಾನೂ ಕಾಯ್ತಾನೇ ಇದ್ದೀನಿ ಕಣೇ" ಎಂದ ಹಾರ್ಲನ್.

ಒಂಬತ್ತನೆಯದು. ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತದೆ ಎನ್ನುವಾಗ ಎದುರಾಳಿ ಬಾರಿಸಿದ ಚೆಂಡು ಮೇಲೇರಿ ಎಡಕ್ಕೆ ಹಾರಿತು. ಇಡೀ ಮೈದಾನ ಎದ್ದು ನಿಂತಿತು, ಇವರಿಬ್ಬರು ಮಾತ್ರ ಏಳುವಂತಿರಲಿಲ್ಲ. ಬೀಳಲಿ ಅನ್ನಲೋ ಬೀಳದಿರಲಿ ಅನ್ನಲೋ ತಿಳಿಯದೆ ಹಾರ್ಲನ್ ಕಣ್ಣು ಮುಚ್ಚಿಕೊಂಡ. ಜನರ ಕೂಗು ಕೇಳಿದ ಮೇಲೆ ಚೆಂಡು ಕ್ಯಾಚ್ ಆಗಿದ್ದು ಗೊತ್ತಾಯಿತು. ಡ್ವೇನ್ ಅಳುತ್ತಾ ಯಾರ್ಯಾರನ್ನೋ ತಬ್ಬಿಕೊಂಡ. ಅವನ ಬಿಯರ್ ಅರ್ಧ ಹಾರ್ಲನ್‌ನ ತಲೆಯ ಮೇಲೆ ಬಿತ್ತು. ಹಾರ್ಲನ್‌ಗೆ ನಗು ತಡೆಯಲಾಗಲಿಲ್ಲ.

"ಪಿಚಿಂಗ್ ಬಗ್ಗೆ ಹೇಳಿದ್ದು ತಪ್ಪು ಅಂತ ಒಪ್ಕೋ" ಎಂದಳು ವಿಲ್ಮಾ.

"ಮೊದಲು ನೀನು ಕೊಹೌಟ್ ಹತ್ರ ಕ್ಷಮೆ ಕೇಳು."

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಜನ ಕರಗಿದರು. ಕಸ ಗುಡಿಸುವವರು ಸಾಲುಗಳ ನಡುವೆ ಕಡಲೆಕಾಯಿ ಸಿಪ್ಪೆ ಗುಡಿಸತೊಡಗಿದರು. ಹಾರ್ಲನ್‌ಗೆ ಪ್ರಶ್ನೆಯನ್ನು ಮತ್ತೆ ಕೇಳುವ ಧೈರ್ಯ ಬರಲಿಲ್ಲ.

"ಕೈ ಜೋಮು ಹಿಡಿದಿದೆ. ಇನ್ನು ತೆಗೀಬಹುದಲ್ಲ?" ಎಂದು ಮೆಲ್ಲಗೆ ಎಳೆದುಕೊಳ್ಳಲು ನೋಡಿದ.

ವಿಲ್ಮಾ ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಹುಚ್ಚಾ ನಿಂಗೆ? ನಾಳೆನೂ ಆಟ ಇದೆ."