ಎಡಚನ ಮಚ್ಚು

"ಇದು ಎಡಚನ ಮಚ್ಚು ಕಣವ್ವ," ಎಂದು ಕುಲುಮೆಯ ವೀರಾಚಾರಿ ಸಾಣೆ ನಿಲ್ಲಿಸಿದ. "ಬಾಯಿ ಒಂದೇ ಮಗ್ಗುಲಿಗೆ ಸವೆದದೆ. ನಿನ್ ಬಲಗೈಗೆ ಕಬ್ಬು ಓರೆ ಕಡೀತದೆ. ಇನ್ನೊಂದ್ ಮಗ್ಗುಲೂ ಮಸ್ದು ಸರಿಮಾಡ್ಲಾ?"

ನಾಳೆಯಿಂದ ಕೆರಗೋಡಿನ ಗದ್ದೆಯಲ್ಲಿ ಕಬ್ಬು ಕಡಿಯುವ ಕೆಲಸ. ಬೆಳ್ಳಮ್ಮ ಮಚ್ಚನ್ನು ಕೈಗೆ ತೆಗೆದುಕೊಂಡಳು. ತೀರಿಕೊಂಡ ಗಂಡನ ಬಟ್ಟೆಬರೆಯನ್ನೆಲ್ಲ ಕೊಟ್ಟುಬಿಟ್ಟಿದ್ದಳು. ತುಕ್ಕು ಹಿಡಿದ ಇದೊಂದೇ ಉಳಿದಿತ್ತು. ಮರದ ಹಿಡಿಯಲ್ಲಿ ಅವನ ಹೆಬ್ಬೆರಳು ಊರಿ ಊರಿ ಒಂದು ಗುಳಿ ಬಿದ್ದಿತ್ತು. ಬಲಗೈಯಲ್ಲಿ ಹಿಡಿದು ನೋಡಿದಳು, ಬೆರಳು ಕೂರಲಿಲ್ಲ. ಎಡಗೈಗೆ ಬದಲಿಸಿದಳು, ಹೆಬ್ಬೆರಳು ಗುಳಿಯಲ್ಲಿ ಸರಿಯಾಗಿ ಕೂತಿತು.

"ಬ್ಯಾಡ ಬುಡಣ್ಣ. ನಮ್ಮೆಜಮಾನ್ರು ಮಸೀತಿದ್ದಂಗೇ ಮಸ್ಕೊಡು."

"ಎಡಗೈಲಿ ಕಡಿಯಾಕೆ ನಿಂಗೆ ಬತ್ತದಾ?"

"ಕಲ್ತ್ಕತೀನಿ."

ಮಚ್ಚು ಕೊಡೆಂದು ಆಚಾರಿ ಕೈ ಚಾಚಿದ. ಬೆಳ್ಳಮ್ಮ ಗುಳಿಯಿಂದ ಹೆಬ್ಬೆರಳು ತೆಗೆಯಲಿಲ್ಲ.