ಅರ್ಧ ಗಂಟೆಯ ಕಾವಲು

“ಅರ್ಧ ಗಂಟೆ ಅಷ್ಟೇ. ಆಮೇಲೆ ನಿಮ್ಮ ಕೆಲ್ಸ ಮುಗಿದಿರ್ಲಿ ಬಿಡ್ಲಿ, ನಾನು ಹೊರಟೆ,” ಎಂದು ಪೊಲೀಸ್ ವೆಂಡೆಲ್ ಕೈಗಡಿಯಾರ ನೋಡಿಕೊಂಡೇ ಬಾಗಿಲು ತಟ್ಟಿದ. ನಾಲ್ಕೂ ಇಪ್ಪತ್ತು.

“ಅಷ್ಟು ಸಾಕು ಆಫೀಸರ್. ನಂದೇನು ಮಹಾ ಸಾಮಾನು,” ಎಂದ ಪಕ್ಕದಲ್ಲಿದ್ದ ಲೀಲಂಡ್ ಪರ್ಡಿ. ಕೈಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ, ಹೆಗಲಿಗೆ ಸ್ಕ್ರೂಡ್ರೈವರ್, ಇಕ್ಕಳ ಇಟ್ಟ ಸಣ್ಣ ಚೀಲ. ಹೆಂಡತಿ ಮನೆಯಿಂದ ಹೊರಹಾಕಿ ಹತ್ತು ದಿನವಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಇಂಥವನನ್ನು ಹೊರಗೆ ದಬ್ಬೋಕೆ ಅದೆಂಥ ಗಟ್ಟಿ ಎದೆ ಬೇಕಪ್ಪಾ! ವೆಂಡೆಲ್‌ಗೆ ಅಯ್ಯೋ ಅನಿಸಿತು.

ಗಂಡ ಹೆಂಡತಿ ಬೇರೆಯಾದಾಗ, ಒಬ್ಬರು ಬಂದು ತಮ್ಮ ಸಾಮಾನು ಒಯ್ಯುವ ತನಕ ಪೊಲೀಸನೊಬ್ಬ ನಡುವೆ ನಿಂತಿರುವುದು ಬ್ರಾಸ್ಟನ್ ಊರಿನಲ್ಲಿ ಹಳೆಯ ಪದ್ಧತಿ. ಮೊದಲು ಬಿಟ್ಟಿ. ಈ ಬೇಸಿಗೆಯಿಂದ ಅರ್ಧ ಗಂಟೆಗೆ ಎಂಬತ್ತು ಡಾಲರ್, ಅದೂ ಮುಂಗಡ. ಬೆರಳಚ್ಚಿಗೆ, ವರದಿಯ ನಕಲಿಗೆ, ಒಂದೇ ಮನೆಯಿಂದ ಎರಡನೇ ಸಲ ಫೋನ್ ಬಂದರೆ ಅದಕ್ಕೂ ದರ ಏರಿತ್ತು. ಪೊಲೀಸರ ಖರ್ಚನ್ನು ಪೊಲೀಸರೇ ಹುಟ್ಟಿಸಿಕೊಳ್ಳಬೇಕು, ಇಲ್ಲದಿದ್ದರೆ ಅಕ್ಟೋಬರಿಗೆ ಠಾಣೆ ಬಂದ್ ಎಂದು ಊರಿನ ಕೌನ್ಸಿಲ್ ತೀರ್ಮಾನ ಮಾಡಿ ಕೈತೊಳೆದುಕೊಂಡಿತ್ತು.

“ನಿಂದು ಧರ್ಮದ ಕೈ ಮಾರಾಯಾ,” ಎಂದು ಠಾಣೆಯ ಚೀಫ್ ಬೆಳಿಗ್ಗೆಯೇ ಚುಚ್ಚಿದ್ದ. “ಒಂದ್ ನಿಮಿಷ ಬಿಟ್ಟಿ ನಿಂತೆ ಅಂದ್ರೂ ನಿನ್ನ ಕೆಲ್ಸಕ್ಕೆ ನೀನೇ ಕಲ್ಲು ಹಾಕ್ಕೊಂಡ ಹಾಗೆ.” ವೆಂಡೆಲ್‌ಗೆ ಐವತ್ತಾರು. ಪಿಂಚಣಿಗೆ ಇನ್ನೂ ನಾಲ್ಕು ವರ್ಷ. ಈ ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ.

ಲೀಲಂಡ್‌ನ ಹೆಂಡತಿ ಕೊರಿನ್ ಬಾಗಿಲು ತೆರೆದಳು. ಸುಡುವ ಸೆಖೆಯಲ್ಲೂ ತುಂಬುತೋಳಿನ ಅಂಗಿ, ಗಂಟಿಕ್ಕಿದ ಮುಖ. ವೆಂಡೆಲ್‌ಗೆ ಗುರುತು ಸಿಕ್ಕಿತು. ಹೋದ ತಿಂಗಳು ಠಾಣೆಯ ಕೌಂಟರ್ ಮುಂದೆ ನಿಂತು, ಹೊಸ ದರದ ಬೋರ್ಡನ್ನು ಮೇಲಿಂದ ಕೆಳಗೆ ಓದಿ, ಯಾರನ್ನೂ ಮಾತಾಡಿಸದೆ ಹೋಗಿದ್ದಳು. ಬಿಗುಮಾನದ ಹೆಂಗಸು ಎಂದು ಆಗಲೇ ಅಂದುಕೊಂಡಿದ್ದ.

ಇಬ್ಬರೂ ಒಂದೇ ಕಡೆ ಇರಕೂಡದು ಎಂಬುದು ನಿಯಮ. ಅವಳನ್ನು ಮುಂದಿನ ಜಗಲಿಯಲ್ಲಿ ಕೂರಿಸಿ, ತಾನು ಬಾಗಿಲಿಗೆ ಅಡ್ಡ ನಿಂತ. ಲೀಲಂಡ್ ಸೀದಾ ಮನೆಯ ಹಿಂಭಾಗಕ್ಕೆ ಹೋದ. ತುಸು ಹೊತ್ತಿಗೆ ಮೊಳೆ ಕಿತ್ತ ಸದ್ದು, ಸ್ಕ್ರೂ ತಿರುಗುವ ಸದ್ದು ಕೇಳಿಬಂತು.

“ಏನು ಬಿಚ್ತಿದಾನೆ ಅವ್ನು? ಒಂದ್ಸಲ ಒಳಗೆ ಹೋಗಿ ನೋಡಿ,” ಎಂದಳು ಕೊರಿನ್.

“ಅವ್ರ ಪಟ್ಟಿಯಲ್ಲಿ ಇರೋದನ್ನ ತಗೋತಾರೆ ಮ್ಯಾಡಮ್. ಎಲ್ಲಕ್ಕೂ ಅವ್ರ ಹೆಸರಿನ ರಸೀದಿ ಇದೆಯಂತೆ. ಕೈಕೈ ಮಿಲಾಯಿಸದ ಹಾಗೆ ನೋಡ್ಕೊಳ್ಳೋದಷ್ಟೇ ನನ್ನ ಕೆಲ್ಸ.”

“ಹಾಗಾದ್ರೆ ನಾನೇ ನೋಡ್ತೀನಿ, ದಾರಿ ಬಿಡಿ.”

ವೆಂಡೆಲ್ ಕದಲಲಿಲ್ಲ. “ಪರದೆ ಕಂಬಿಗೂ ಜಗಳ ಬೇಕಾ? ಅವ್ರ ದುಡ್ಡಲ್ಲಿ ತಂದಿದ್ದು ಅವ್ರು ಒಯ್ಲಿ ಬಿಡೀಂದ್ರೆ.”

ಅವಳು ಮತ್ತೆ ಕೂತಳು. ರಸ್ತೆಯ ಕಡೆ ನೋಡಿದಳು. ಅಕ್ಕಪಕ್ಕ ಮನೆಯಿಲ್ಲ, ಜೋಳದ ಹೊಲ ಅಷ್ಟೇ. “ನನ್ನ ತಮ್ಮ ಆರು ಗಂಟೆ ಬಸ್ಸಿಗೆ ಬರ್ತಾನೆ. ಅಲ್ಲೀ ತನಕ ನೀವು ಇಲ್ಲೇ ಇರೋಕಾಗುತ್ತಾ?”

“ಒಂದೊಂದು ಅರ್ಧ ಗಂಟೆಗೂ ಇನ್ನೆಂಬತ್ತು ಡಾಲರ್ ಆಗುತ್ತೆ.”

ಅವಳು ಜೇಬಿನಿಂದ ಮಡಿಚಿದ ನೋಟುಗಳನ್ನು ತೆಗೆದು ಚಾಚಿದಳು. “ಹೆಂಗೋ ಹೊಂದಿಸಿದೀನಿ. ತಗೊಳ್ಳಿ.”

“ನಾನು ಕೈಯಲ್ಲಿ ಮುಟ್ಟೋ ಹಾಗಿಲ್ಲ. ಠಾಣೆ ಕೌಂಟರಲ್ಲೇ ಕಟ್ಟಬೇಕು. ಅದು ನಾಲ್ಕಕ್ಕೇ ಮುಚ್ತು. ನಾಳೆ ಒಂಬತ್ತಕ್ಕೆ ತೆಗೀತಾರೆ.”

ಚಾಚಿದ ಕೈ ಹಾಗೇ ಇತ್ತು. ವೆಂಡೆಲ್‌ಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೆ ಅಕ್ಟೋಬರ್ ನೆನಪಾಯಿತು. ಮುಖ ತಿರುಗಿಸಿ ಗಡಿಯಾರ ನೋಡಿದ.

ನಾಲ್ಕೂ ನಲವತ್ತೆಂಟಕ್ಕೆ ಲೀಲಂಡ್ ಹೊರಬಂದ. ಟಿವಿ ಇಲ್ಲ, ಕುರ್ಚಿ ಇಲ್ಲ, ಅದೇ ಒಂದು ಪೆಟ್ಟಿಗೆ. ಬಾಯಿಗೆ ಟೇಪು ಸುತ್ತಿದ್ದ. ಅಲುಗಿದಾಗ ಒಳಗೆ ಕಬ್ಬಿಣ ಝಣಗುಟ್ಟಿತು. ಅಷ್ಟು ವರ್ಷದ ಸಂಸಾರಕ್ಕೆ ಇಷ್ಟೇ! ಹೋಗುವಾಗಲೂ ಅವನು ಸಿಟ್ಟು ತೋರಿಸಲಿಲ್ಲ.

“ಹುಷಾರು ಕೊರಿನ್,” ಎಂದ. “ಒಬ್ಳೇ ಇರ್ತೀಯ.”

ಅವಳು ಒಳಗೆ ಓಡಿದಳು. ಒಂದು ಒಳ್ಳೆ ಮಾತಿಗೂ ಗತಿಯಿಲ್ಲವಲ್ಲ ಇವಳ ಬಾಯಲ್ಲಿ ಎಂದು ವೆಂಡೆಲ್‌ಗೆ ರೇಗಿತು.

ಒಂದು ನಿಮಿಷ ಉಳಿದಿತ್ತು. ಲೀಲಂಡ್ ಚಾಚಿದ ಪಟ್ಟಿಯನ್ನು ಕಾರಿನ ಬಾನೆಟ್ ಮೇಲಿಟ್ಟು, ಸಾಕ್ಷಿ ಎಂದಿದ್ದ ಕಡೆ ವೆಂಡೆಲ್ ಸಹಿ ಗೀಚಿದ. ಓದುತ್ತ ನಿಂತರೆ ಆ ಹೊತ್ತಿನ ದುಡ್ಡು ಯಾರ ಮೇಲೆ ಹಾಕುವುದು?

“ಇನ್ನು ನೀವೂ ಮನೆಗಾ, ಆಫೀಸರ್?”

“ಮೊದಲೇ ದುಡ್ಡು ಕಟ್ಟಿದ್ದು ಬಿಟ್ರೆ ಐದಕ್ಕೆ ನಮ್ದು ಮುಗೀತು. ಆಮೇಲೆ ಏನೇ ಆದ್ರೂ ಜಿಲ್ಲೆ ಪೊಲೀಸ್ರು. ನಲವತ್ತು ಮೈಲಿಯಿಂದ ಬರಬೇಕು.”

“ಪಾಪ, ಅವ್ರಿಗೂ ಕಷ್ಟ,” ಎಂದು ಲೀಲಂಡ್ ಪೆಟ್ಟಿಗೆಯನ್ನು ತನ್ನ ಗಾಡಿಯಲ್ಲಿಟ್ಟುಕೊಂಡ.

ಹಳ್ಳ ಬಿದ್ದ ರಸ್ತೆಯಲ್ಲಿ ವೆಂಡೆಲ್ ಠಾಣೆ ಮುಟ್ಟುವಾಗ ಐದೂ ಕಾಲು. ಚೀಫ್ ಬೆನ್ನು ತಟ್ಟಿ, “ಒಂದ್ ನಿಮಿಷವೂ ಹೆಚ್ಚಿಲ್ವಲ್ಲೋ! ಹೀಗಿರ್ಬೇಕು,” ಎಂದು ಅವನ ಕೈಯಿಂದ ಪೊಲೀಸ್ ಗಾಡಿಯ ಕೀಲಿ ತೆಗೆದುಕೊಂಡು ಹೊರಟ. ಎಷ್ಟೋ ದಿನದ ಮೇಲೆ ವೆಂಡೆಲ್‌ಗೆ ತನ್ನ ಕೆಲಸ ಉಳಿದೀತು ಅನಿಸಿತು.

ಮುಚ್ಚಿದ ಕೌಂಟರ್ ಹಿಂದೆ ಗುಮಾಸ್ತೆ ನಾಡೀನ್ ಆ ದಿನದ ಕಾಗದ ಜೋಡಿಸುತ್ತಿದ್ದಳು. ವೆಂಡೆಲ್ ತಂದುಕೊಟ್ಟ ಪಟ್ಟಿ ಬಿಡಿಸಿದವಳು ಹುಬ್ಬೇರಿಸಿದಳು.

“ಇದೇನು ವೆಂಡೆಲ್, ಈ ಮನುಷ್ಯ ಬಟ್ಟೆ ಬರೆ ಏನೂ ಒಯ್ದೇ ಇಲ್ವಲ್ಲ?”

ಅವನು ಕಾಗದ ಈಸಿಕೊಂಡು, ತನ್ನ ಸಹಿಯ ಮೇಲಿದ್ದ ನಾಲ್ಕು ಸಾಲನ್ನು ಮೊದಲ ಸಲ ಓದಿದ.

ಹಿಂಬಾಗಿಲ ಅಗುಳಿ, ಎರಡು; ನೆಲಮಾಳಿಗೆಯ ಬೀಗ, ಒಂದು; ಕಿಟಕಿ ಕೊಂಡಿ, ನಾಲ್ಕು; ಮಲಗುವ ಕೋಣೆಗೆ ಒಳಗಿಂದ ಹಾಕುವ ಚಿಲಕ, ಮೂರು.